ಉದ್ರಿ ಪುಸ್ತಕ, ಬ್ಯಾಂಕಿನ ಕಂತು: ಚಳ್ಳಕೆರೆ ತಾಲೂಕಿನ ಒಂದು ರಿವೈಂಡಿಂಗ್ ಅಂಗಡಿ

ಬಡವರ ಮನೆಯ ಹುಡುಗರಿಗೆ ಒಂದು ತರಬೇತಿ, ಒಂದು ಬ್ಯಾಂಕ್ ಸಾಲ ಕೊಡಿಸಿದರೆ ಕೆಲಸ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಷ್ಟ ಶುರುವಾಗುವುದೇ ಸಾಲ ಬಂದ ಮೇಲೆ. ಕಂತು ತಿಂಗಳಿಗೊಮ್ಮೆ ಬರುತ್ತದೆ. ಚಳ್ಳಕೆರೆ ಕಡೆಯ ಗಿರಾಕಿ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಶೇಂಗಾ ಕಿತ್ತ ಮೇಲೆ. ಈ ಎರಡರ ನಡುವೆ ಸಿಕ್ಕಿಕೊಂಡ ಒಂದು ರಿವೈಂಡಿಂಗ್ ಅಂಗಡಿಯ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟಿಕೊಡುವ ಅಂಗಡಿಯ ವಿಷಯ ಇದು.

ಹುಡುಗನ ಹೆಸರು, ಹಳ್ಳಿಯ ಹೆಸರು ಬರೆಯುತ್ತಿಲ್ಲ. ಸಣ್ಣ ಊರು, ಸಾಲ ಮಾಡಿದವರು ಯಾರು ಅಂತ ಕೂಡಲೇ ಗೊತ್ತಾಗಿಬಿಡುತ್ತದೆ. ನಾಯಕನಹಟ್ಟಿ ಹೋಬಳಿಯ ಒಂದು ಹಳ್ಳಿ ಅಂದರೆ ಸಾಕು. ನನ್ನ ಪಾತ್ರವೂ ಸಣ್ಣದು. ತರಬೇತಿ ಮುಗಿಸಿ ಅಂಗಡಿ ಹಾಕಿದವರ ಲೆಕ್ಕ ನೋಡಿಕೊಡುವುದು, ಬೇಕಾದರೆ ಬ್ಯಾಂಕಿಗೆ ಜೊತೆಗೆ ಹೋಗುವುದು, ಇಷ್ಟನ್ನು ಚಿತ್ರದುರ್ಗದಲ್ಲಿ ನಾವು ನಾಲ್ಕಾರು ಜನ ಬಿಡುವಿದ್ದಾಗ ಮಾಡುತ್ತೇವೆ. ಅವನ ಪರಿಚಯವಾಗಿದ್ದು ಅಂಗಡಿ ಹಾಕಿ ಹತ್ತಿರ ಹತ್ತಿರ ವರ್ಷವಾಗಿ, ಬ್ಯಾಂಕಿನಿಂದ ಫೋನ್ ಬರಲು ಶುರುವಾದ ಮೇಲೆ.

ಹುಡುಗ ಮತ್ತು ಕಸುಬು

ಅಪ್ಪ ಇಲ್ಲ. ಅವ್ವ ಶೇಂಗಾ ಕೀಳಲು, ಈರುಳ್ಳಿ ಕೀಳಲು ಕೂಲಿಗೆ ಹೋಗುತ್ತಾರೆ. ಪರಿಶಿಷ್ಟ ಪಂಗಡದ ಕುಟುಂಬ, ಹೆಸರಿಗೆ ಎರಡು ಎಕರೆ ಖುಷ್ಕಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಕೈಕೊಟ್ಟವು. ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಪ್ಯಾಕಿಂಗ್ ಕೆಲಸ ಮಾಡಿದ. ರೂಮ್ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯಲಿಲ್ಲ. ವಾಪಸ್ ಬಂದು ಚಳ್ಳಕೆರೆಯ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಸೇರಿಕೊಂಡ. ಅಲ್ಲೇ ನಾಲ್ಕು ವರ್ಷ ಕಳೆದ.

ಬೋರ್‌ವೆಲ್ ಮೋಟರ್ ಕಟ್ಟುವುದು ದೂರದಿಂದ ನೋಡಿದರೆ ಸುಲಭ. ಸುಟ್ಟ ಮೋಟರ್ ಬಿಚ್ಚಿ, ಹಳೇ ತಂತಿ ಕತ್ತರಿಸುವ ಮೊದಲೇ ಎಷ್ಟು ಸುತ್ತು, ಯಾವ ಗೇಜು, ಕಾಯಿಲ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳಬೇಕು. ಮರೆತರೆ ಮುಗಿಯಿತು. ನೀರು ತುಂಬುವ ಮೋಟರ್ ಆದರೆ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ. ಒಂದೊಂದೇ ಎಳೆಯನ್ನು ಉದ್ದನೆಯ ಸ್ಲಾಟಿನೊಳಗೆ ತೂರಿಸಿ ಆ ಕಡೆಯಿಂದ ಎಳೆಯಬೇಕು. ಹೊದಿಕೆ ಎಲ್ಲಾದರೂ ಸ್ವಲ್ಪ ಗೀಚಿದರೂ ನೀರು ಒಳಹೊಕ್ಕು ಮೋಟರ್ ಮತ್ತೆ ಸುಡುತ್ತದೆ. ತಂತಿ ಎಳೆದೆಳೆದು ಅವನ ತೋರುಬೆರಳಿಗೆ ಒಂದು ಗೆರೆಯೇ ಬಿದ್ದುಬಿಟ್ಟಿದೆ. ಕಟ್ಟಿ ಮುಗಿದ ಮೇಲೆ ಸ್ಟೇಟರನ್ನು, ಅಂದರೆ ತಂತಿ ಸುತ್ತಿದ ಭಾಗವನ್ನು, ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಕರೆಂಟ್ ಸೋರುತ್ತದಾ ಅಂತ ತೋರಿಸುವ ಮೆಗ್ಗರ್ ಹಚ್ಚಿ ನೋಡುತ್ತಾನೆ. ಮುಳ್ಳು ಸೊನ್ನೆಯ ಕಡೆ ಬಿದ್ದರೆ ಬಿಚ್ಚಿ ಮತ್ತೆ ಮೊದಲಿಂದ. ಈ ವಿಷಯದಲ್ಲಿ ಅವನು ಚೌಕಾಸಿ ಮಾಡುವುದಿಲ್ಲ. ಅವನು ಕಟ್ಟಿದ ಮೋಟರ್ ಬೇಗ ಸುಡುವುದಿಲ್ಲ ಅಂತ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಗಿದೆ.

ಈ ಕಡೆ ಈ ಕೆಲಸಕ್ಕೆ ಬರ ಇಲ್ಲ. ಕೃಷಿ ಅಂದರೆ ಬೋರ್‌ವೆಲ್. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ, ತ್ರೀ ಫೇಸ್ ಸಿಗುವುದು ದಿನದ ಕೆಲವೇ ಗಂಟೆ. ಕರೆಂಟ್ ಬಂದ ಕೂಡಲೇ ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೆ ಎಳೆಯುತ್ತವೆ. ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಲೋಡ್ ಜಾಸ್ತಿಯಾಗಿ ವೋಲ್ಟೇಜ್ ಬೀಳುತ್ತದೆ. ಒಂದು ಫೇಸ್ ಹೋದರೂ ಮೋಟರ್ ಓಡಲು ನೋಡಿ ಸುಡುತ್ತದೆ. ನೀರು ಕೆಳಗಿಳಿದು ಮೋಟರ್ ಬರಿದೇ ತಿರುಗಿದರೂ ಸುಡುತ್ತದೆ.

ತರಬೇತಿ, ಆಮೇಲೆ ಫೈಲು

ಮೋಟರ್ ರಿವೈಂಡಿಂಗ್‌ನ 30 ದಿನದ ಉಚಿತ ತರಬೇತಿಗೆ ಅವನು ಸೇರಿದ್ದು ಪತ್ರಿಕೆಯ ಮೂಲೆಯಲ್ಲಿದ್ದ ಪ್ರಕಟಣೆ ನೋಡಿ. ಊಟ, ವಸತಿ ಎಲ್ಲಾ ಅಲ್ಲೇ. ಈ ಮಾದರಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಅದು ಚೆನ್ನಾಗಿ ನಡೆದದ್ದು ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಅದೇ ಥರದ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಮಾಡಲು ಹೊರಟಿತು. ಗ್ರಾಮೀಣರಿಗೆ ಕಸುಬು ಕಲಿಸುವುದು, ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಇದರ ಪದ್ಧತಿ.

ಮೋಟರ್ ಕಟ್ಟುವುದು ಅವನಿಗೆ ಮೊದಲೇ ಬರುತ್ತಿತ್ತು. ಹಾಗಾದರೆ ಅಲ್ಲಿ ಕಲಿತದ್ದೇನು ಅಂತ ಕೇಳಿದೆ. "ರಿಂಗ್ ಎಸೆಯೋ ಆಟ ಆಡಿಸಿದ್ರು ಸಾರ್" ಅಂದ. ಕಂಬದಿಂದ ಎಷ್ಟು ದೂರ ನಿಂತು ರಿಂಗ್ ಎಸೆಯುತ್ತೀಯ ಎನ್ನುವುದನ್ನು ನೀನೇ ಆರಿಸಿಕೊಳ್ಳಬೇಕು. ಹತ್ತಿರ ನಿಂತರೆ ಅಂಕ ಕಡಿಮೆ, ದೂರ ನಿಂತರೆ ಜಾಸ್ತಿ. ಎಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುತ್ತೀಯ ಅಂತ ನೋಡುವ ಆಟ. ಇವನು ಕಂಬದ ಬುಡದಲ್ಲೇ ನಿಂತನಂತೆ. ಅದರ ಜೊತೆ ರೇಟು ಹೇಗೆ ಕಟ್ಟುವುದು, ದಿನದ ಲೆಕ್ಕ ಹೇಗೆ ಬರೆಯುವುದು, ಬ್ಯಾಂಕಿನಲ್ಲಿ ಯಾರ ಹತ್ತಿರ ಏನು ಮಾತಾಡುವುದು. ನಾಲ್ಕು ವರ್ಷ ಅಂಗಡಿಯಲ್ಲಿ ದುಡಿದರೂ ಮಾಲೀಕನ ಲೆಕ್ಕದ ಪುಸ್ತಕವನ್ನು ಅವನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಸಾಲಕ್ಕೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಯೋಜನೆ, ಆರಿಸಿಕೊಂಡ. 2008ರಿಂದ ಇರುವ ಯೋಜನೆ, ಸಹಾಯಧನ ಇದೆ. ಹಳ್ಳಿಯಲ್ಲಿ ಘಟಕ ಹಾಕುವ ಪರಿಶಿಷ್ಟ ಪಂಗಡದವರಿಗೆ ಯೋಜನಾ ವೆಚ್ಚದ 35 ಶೇಕಡಾ ಸಹಾಯಧನ, ಕೈಯಿಂದ 5 ಶೇಕಡಾ ಹಾಕಿದರೆ ಸಾಕು. ಸೇವಾ ಘಟಕ 5 ಲಕ್ಷದೊಳಗಿದ್ದರೆ ಓದಿನ ಷರತ್ತೂ ಇಲ್ಲ. ಒಟ್ಟು ವೆಚ್ಚ 4 ಲಕ್ಷ ಅಂತ ಬರೆಸಿದರು. ಅವನ ಪಾಲು 20,000. ಬ್ಯಾಂಕ್ ಕೊಟ್ಟಿದ್ದು 3,80,000. ಅದರಲ್ಲಿ 1,40,000 ಸಹಾಯಧನ. ಆದರೆ ಆ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಅವನ ಹೆಸರಿನಲ್ಲಿ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಅಷ್ಟು ಭಾಗಕ್ಕೆ ಬಡ್ಡಿ ಇಲ್ಲ. ಅಂಗಡಿ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ "ಸಬ್ಸಿಡಿ ಯಾವಾಗ ಕೈಗೆ ಬರುತ್ತೆ ಸಾರ್" ಎನ್ನುವವರು ಇದ್ದೇ ಇರುತ್ತಾರೆ.

ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟವನು ಒಬ್ಬ ಸೈಬರ್ ಅಂಗಡಿಯವನು. ಆಮೇಲೆ ಅದರ ಪ್ರತಿ ನೋಡಿದೆ. ಕಚ್ಚಾವಸ್ತು ಅನ್ನುವ ಕಡೆ "ಎಂಎಸ್ ಆ್ಯಂಗಲ್, ಚೌಕ ಪೈಪು" ಅಂತಿತ್ತು. ಯಾವುದೋ ವೆಲ್ಡಿಂಗ್ ಅಂಗಡಿಯ ರಿಪೋರ್ಟಿಗೆ ಇವನ ಹೆಸರು ಅಂಟಿಸಿದ್ದ! ಯಂತ್ರ, ಸಲಕರಣೆಗೆ 2,90,000. ಶೆಡ್ಡು, ಪೀಠೋಪಕರಣಕ್ಕೆ 70,000. ದುಡಿಯುವ ಬಂಡವಾಳ ಅಂತ ಉಳಿದದ್ದು ಬರೀ 40,000. ಈ ಕೊನೆಯ ಅಂಕಿ ನೆನಪಿಟ್ಟುಕೊಳ್ಳಿ.

ಬ್ಯಾಂಕಿನಲ್ಲಿ ಮೊದಲು ಪಹಣಿ ತಾ, ಜಾಮೀನುದಾರರನ್ನು ತಾ ಅಂದರು. 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ಆಗ ರಿಸರ್ವ್ ಬ್ಯಾಂಕ್ ನಿಯಮವೇ ಇತ್ತು. ತರಬೇತಿ ಸಂಸ್ಥೆಯವರು ಹೋಗಿ ಮಾತಾಡಿದ ಮೇಲೆ ಆ ಮಾತು ನಿಂತಿತು. ಅವನ ಪಾಲಿನ 20,000ವನ್ನು ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕೊಟ್ಟರು. ಅಂದರೆ ಅಂಗಡಿ ಬಾಗಿಲು ತೆರೆಯುವ ಮೊದಲೇ ಮನೆಗೆ ಎರಡು ಸಾಲ. ಯಾವ ರಿಪೋರ್ಟಿನಲ್ಲೂ ಎರಡನೆಯದು ಕಾಣುವುದಿಲ್ಲ.

ಮೊದಲ ವರ್ಷ

ಅಂಗಡಿ ತೆರೆದದ್ದು 2023ರ ಜನವರಿಯಲ್ಲಿ. ಆಗ ಜಿಲ್ಲೆಯ ತುಂಬಾ ಒಂದು ಹುಮ್ಮಸ್ಸು. ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿತ್ತು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ, ಅಂದರೆ 89 ವರ್ಷದ ಮೇಲೆ, 2022ರಲ್ಲಿ ಕೋಡಿ ಬಿದ್ದಿತ್ತು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿತ್ತು. ಜನ ಹೊಸ ತೋಟ ಕಟ್ಟಿದರು, ದಾಳಿಂಬೆ ಹಾಕಿದರು. ಬೇಸಿಗೆಯಲ್ಲಿ ಮೋಟರ್ ಒಂದರ ಹಿಂದೆ ಒಂದು ಬಂದವು.

ಒಂದು 5 ಎಚ್‌ಪಿ ಮೋಟರ್ ಕಟ್ಟಿದರೆ ಅವನು ತೆಗೆದುಕೊಳ್ಳುತ್ತಿದ್ದದ್ದು 6,500 ರೂಪಾಯಿ. ಅದರಲ್ಲಿ 4,000 ರೂಪಾಯಿ ತಂತಿಗೇ ಹೋಗುತ್ತಿತ್ತು. 40,000 ಬಂಡವಾಳ ಅಂದರೆ ಹತ್ತು ಮೋಟರಿನ ತಂತಿ, ಅಷ್ಟೇ. ಅರ್ಧ ಜನ ಉದ್ರಿ. "ಶೇಂಗಾ ಬರ್ಲಿ, ಒಂದೇ ಸಲ ಕೊಟ್ಟುಬಿಡ್ತೀನಿ" ಅನ್ನುತ್ತಿದ್ದರು. ಬೆಳೆ ಒಣಗುತ್ತಿರುವಾಗ ಮೋಟರ್ ಹಿಡಿದಿಟ್ಟುಕೊಂಡು ದುಡ್ಡು ತಾ ಅನ್ನಲು ಆ ಊರಿನಲ್ಲಿ ಹುಟ್ಟಿದವನಿಗೆ ಬಾಯಿ ಬರುತ್ತಾ? ಬರಲಿಲ್ಲ. ಬಂಡವಾಳ ಮೊದಲ ತಿಂಗಳಲ್ಲೇ ಕರಗಿತು. ಚಳ್ಳಕೆರೆಯ ತಂತಿ ವ್ಯಾಪಾರಿ ಹತ್ತಿರ ಸಾಲಕ್ಕೆ ಮಾಲು ತಂದ.

ಆರು ತಿಂಗಳ ವಿನಾಯಿತಿ ಮುಗಿದು ಜುಲೈನಿಂದ ಕಂತು ಶುರು. ತಿಂಗಳಿಗೆ ಸುಮಾರು 5,200. ಜುಲೈ, ಆಗಸ್ಟ್ ಹೇಗೋ ಕಟ್ಟಿದ. ಅಷ್ಟರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಖುಷ್ಕಿ ಶೇಂಗಾ ಗಿಡದಲ್ಲೇ ಬಾಡಿತು. ಸುಗ್ಗಿಗೆ ಕೊಡುತ್ತೇನೆ ಅಂದವರಿಗೆ ಸುಗ್ಗಿಯೇ ಬರಲಿಲ್ಲ. ಸೆಪ್ಟೆಂಬರ್ ಕಂತು ತಪ್ಪಿತು, ಆಮೇಲೆ ಅಕ್ಟೋಬರ್‌ನದೂ ತಪ್ಪಿತು. 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಬೇರೆ ಬ್ಯಾಂಕುಗಳ ಬಾಗಿಲೂ ಮುಚ್ಚುತ್ತದೆ. ಅದೇ ಹೊತ್ತಿಗೆ ಸಂಸ್ಥೆಯವರು ಹೇಳಿ ನಮ್ಮನ್ನು ಅವನ ಹತ್ತಿರ ಕಳಿಸಿದರು.

ವಿಚಿತ್ರ ನೋಡಿ, ಅಂಗಡಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಬರ ಬಂದಾಗ ನೀರು ಆಳಕ್ಕೆ ಹೋಗಿ ಮೋಟರ್ ಇನ್ನೂ ಜಾಸ್ತಿ ಸುಡುತ್ತವೆ. ಅಂಗಡಿ ಮುಂದೆ ಸುಟ್ಟ ಮೋಟರ್ ಸಾಲಾಗಿ ಮಲಗಿದ್ದವು, ಗಲ್ಲಾಪೆಟ್ಟಿಗೆ ಖಾಲಿ.

ಉದ್ರಿ ಪುಸ್ತಕ ಬಿಚ್ಚಿದಾಗ

ಉದ್ರಿ ಬರೆದಿಟ್ಟದ್ದು ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಒಟ್ಟು 1,31,000 ಬರಬೇಕಿತ್ತು. ಅವನು ಕೊಡಬೇಕಾದದ್ದು ತಂತಿ ವ್ಯಾಪಾರಿಗೆ 58,000, ಬ್ಯಾಂಕಿಗೆ ಬಾಕಿ ಕಂತು, ಸಂಘಕ್ಕೆ ಒಂದಿಷ್ಟು. ಅಂದರೆ ಅಂಗಡಿ ನಷ್ಟದಲ್ಲಿರಲಿಲ್ಲ. ಲಾಭ ಊರ ತುಂಬಾ ಬೇರೆಯವರ ಹೊಲದಲ್ಲಿತ್ತು.

ಯಾರು ಎಷ್ಟು ಕೊಡಬೇಕು ಅಂತ ದೊಡ್ಡದರಿಂದ ಚಿಕ್ಕದಕ್ಕೆ ಬರೆದುಕೊಂಡು ಕೂತೆವು. ನಾನು ಅಂದುಕೊಂಡದ್ದು, ತೀರಾ ಬಡ ರೈತರೇ ಕೊಟ್ಟಿರಲಿಕ್ಕಿಲ್ಲ ಅಂತ. ಪುಸ್ತಕ ಬೇರೆಯೇ ಹೇಳಿತು. ಎರಡು ಎಕರೆಯವರು 500, 1,000 ಅಂತ ಸ್ವಲ್ಪ ಸ್ವಲ್ಪವೇ ತೀರಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಬಾಕಿ ಇದ್ದದ್ದು ಒಂಬತ್ತು ಜನರ ಹತ್ತಿರ. ದಾಳಿಂಬೆ ತೋಟದವರು, ಟ್ರ್ಯಾಕ್ಟರ್ ಇದ್ದವರು, ಒಬ್ಬರು ಹಿಂದೆ ಪಂಚಾಯ್ತಿ ಸದಸ್ಯರಾಗಿದ್ದವರು. ಎರಡು ಮೂರು ಮೋಟರ್ ಕಟ್ಟಿಸಿಕೊಂಡು ಒಂದಕ್ಕೂ ಕೊಟ್ಟಿರಲಿಲ್ಲ.

"ಇವರನ್ನ ಕೇಳಿದ್ಯೇನಪ್ಪಾ?" ಅಂದೆ. ತಲೆ ತಗ್ಗಿಸಿದ. ಅವ್ವನೇ ಹೇಳಿದರು: "ಅವ್ರ ಹೊಲಕ್ಕೇ ನಾನು ಕೂಲಿಗೆ ಹೋಗೋದು ಸಾಮಿ. ಇವ್ನು ಹೆಂಗ್ ಕೇಳ್ತಾನೆ?"

ಈ ಪ್ರಕರಣದ ಗಂಟು ಇದೇ. ತರಬೇತಿಯಲ್ಲಿ ವಸೂಲಿ ಬಗ್ಗೆ ಹೇಳಿಕೊಡುತ್ತಾರೆ. ಗಿರಾಕಿ ಜೊತೆ ನಗುನಗುತ್ತಾ ಮಾತಾಡು, ನೆನಪಿಸು, ಗಡುವು ಕೊಡು. ಎಲ್ಲಾ ಸರಿ. ಆದರೆ ಗಿರಾಕಿಯೇ ನಿನ್ನ ತಾಯಿಗೆ ಕೂಲಿ ಕೊಡುವವನಾದರೆ? ಅಂಗಡಿಗೆ ಬೋರ್ಡ್ ಹಾಕಿದ ಮಾತ್ರಕ್ಕೆ ಊರು ಅವನನ್ನು ಮಾಲೀಕ ಅನ್ನುವುದಿಲ್ಲ. ದೊಡ್ಡವರ ಕಣ್ಣಿಗೆ ಅವನಿನ್ನೂ ಕೂಲಿಯವಳ ಮಗ, ಅವನು ಮಾಡುವುದು ಕೆಲಸ ಅಲ್ಲ, ಋಣ. ಹಿಂದುಳಿದವರಿಗೆ ಸಾಲ ಕೊಡುವ ಯೋಜನೆಗಳು ಜಾತಿ ಪ್ರಮಾಣಪತ್ರವನ್ನು ಫೈಲಿನ ಮೊದಲ ಪುಟದಲ್ಲಿ ಇಟ್ಟುಕೊಳ್ಳುತ್ತವೆ. ವಸೂಲಿಯ ಹೊತ್ತಿಗೆ ಅದೇ ಜಾತಿ ಮತ್ತೆ ಅಡ್ಡ ಬಂದು ನಿಲ್ಲುತ್ತದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಾವು ಹೋಗಿ ಕೇಳಿದರೆ ಹುಡುಗನಿಗೆ ಇನ್ನೂ ತೊಂದರೆ. ಹೊರಗಿನವರನ್ನು ಕರೆದುಕೊಂಡು ಬಂದ ಅನ್ನುತ್ತಾರೆ. ದಾರಿ ಹುಡುಕಿದ್ದು ಅವ್ವ. ವಾರದ ಕೂಲಿ ಬಟವಾಡೆ ದಿನ, ಹತ್ತಾರು ಹೆಣ್ಣುಮಕ್ಕಳು ಸಾಲಾಗಿ ನಿಂತಿರುವಾಗ, ತೋಟದ ಯಜಮಾನರಿಗೆ ಹೇಳಿದರಂತೆ: "ಗೌಡ್ರೆ, ನನ್ ಕೂಲಿ ಈ ವಾರ ನೀವೇ ಇಟ್ಕಳ್ರಿ. ಹುಡುಗನ ಮೋಟರ್ ದುಡ್ಡು ಕೊಟ್ಬಿಡ್ರಿ, ಬ್ಯಾಂಕ್ನೋರು ಮನೆ ಬಾಗ್ಲಿಗೆ ಬಂದವ್ರೆ." ಎಲ್ಲರ ಎದುರು ಕೂಲಿಯವಳ ಕೂಲಿ ಇಟ್ಟುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಎರಡೂ ಕೊಟ್ಟರು. ಆ ಸುದ್ದಿ ಉಳಿದವರಿಗೂ ಮುಟ್ಟಿತು. ಒಂಬತ್ತರಲ್ಲಿ ಐವರು ಪೂರ್ತಿ ತೀರಿಸಿದರು. ಇಬ್ಬರು ಅರ್ಧ ಕೊಟ್ಟರು. ಇನ್ನಿಬ್ಬರು ಇವತ್ತಿಗೂ ಕೊಟ್ಟಿಲ್ಲ, ಮೋಟರನ್ನು ಬೇರೆ ಕಡೆ ಕಟ್ಟಿಸುತ್ತಾರೆ. ಒಬ್ಬರ ಹೊಲದಲ್ಲಿ ಅವ್ವನಿಗೆ ಮತ್ತೆ ಕೂಲಿ ಸಿಗಲಿಲ್ಲ. ಅದನ್ನೂ ಲೆಕ್ಕದಲ್ಲಿ ಬರೆಯಬೇಕು.

ಹಳೇ ತಾಮ್ರ

ವಸೂಲಿ ಒಂದು ಸಲದ ಔಷಧಿ. ಮುಂದಿನ ವರ್ಷ ಮತ್ತೆ ಹಾಗೇ ಆಗದಂತೆ ಏನಾದರೂ ಮಾಡಬೇಕಿತ್ತು. ಅದಕ್ಕೆ ಉತ್ತರ ಅಂಗಡಿಯ ನೆಲದ ಮೇಲೇ ಬಿದ್ದಿತ್ತು.

ಸುಟ್ಟ ಮೋಟರಿನಿಂದ ಕತ್ತರಿಸಿ ತೆಗೆದ ಹಳೇ ತಂತಿ ತಾಮ್ರ ತಾನೇ? ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಚಳ್ಳಕೆರೆಯ ಅಂಗಡಿಗಳಲ್ಲಿ ಹಳೇ ತಂತಿ ಅಂಗಡಿಯವರಿಗೇ ಸೇರಬೇಕು, ಅದಕ್ಕೆ ತಕ್ಕಂತೆ ಬಿಲ್ಲಿನಲ್ಲಿ ಕಡಿಮೆ ಮಾಡುತ್ತಾರೆ. ಇವನು ಮಾತ್ರ ಸಂಕೋಚದಿಂದ ತಂತಿಯನ್ನು ಚೀಲಕ್ಕೆ ಹಾಕಿ ರೈತರ ಕೈಗೇ ಕೊಡುತ್ತಿದ್ದ. ಅವರು ಅದನ್ನು ಗುಜರಿಗೆ ಹಾಕಿ ದುಡ್ಡು ಮಾಡಿಕೊಂಡು, ಇವನಿಗೆ ಮಾತ್ರ ಉದ್ರಿ ಹೇಳುತ್ತಿದ್ದರು!

ಡಿಸೆಂಬರ್‌ನಿಂದ ಹೊಸ ಪದ್ಧತಿ ಬಂತು. ಹಳೇ ತಾಮ್ರ ಅಂಗಡಿಗೆ, ರೈತನ ಎದುರೇ ತೂಗಿ ಅವತ್ತಿನ ಬೆಲೆಗೆ ಬಿಲ್ಲಿನಲ್ಲಿ ಕಳೆಯುವುದು. 5 ಎಚ್‌ಪಿ ಮೋಟರಿನಲ್ಲಿ ಎರಡು ಸಾವಿರದ ಮೇಲೇ ಹೊರಟುಹೋಗುತ್ತಿತ್ತು. ಉಳಿದದ್ದರಲ್ಲಿ ತಂತಿಯ ಬಾಕಿ ಎಷ್ಟಾಗುತ್ತದೋ ಅಷ್ಟು ನಗದು. ಕೂಲಿ ಮಾತ್ರ ಉದ್ರಿ. ಗೋಡೆಗೆ ಒಂದು ಹಾಳೆ ಅಂಟಿಸಿದ: "ತಾಮ್ರ ನಗದು, ಕೂಲಿ ಸುಗ್ಗಿಗೆ." ಉದ್ರಿ ಪೂರ್ತಿ ನಿಲ್ಲಿಸು ಅಂತ ನಮ್ಮಲ್ಲೇ ಒಬ್ಬರು ಪಟ್ಟು ಹಿಡಿದಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಉದ್ರಿ ನಿಲ್ಲಿಸಿದರೆ ಗಿರಾಕಿ ಚಳ್ಳಕೆರೆಗೆ ಹೋಗುತ್ತಾನೆ. ಹಳ್ಳಿಯಲ್ಲಿ ಉದ್ರಿ ಕೊಡುವುದೂ ವ್ಯಾಪಾರದ ಒಂದು ಭಾಗ. ಎಷ್ಟು, ಯಾವುದಕ್ಕೆ ಅನ್ನುವುದು ಮಾತ್ರ ಅಂಗಡಿಯವನ ಕೈಯಲ್ಲಿರಬೇಕು.

ಬ್ಯಾಂಕಿನಲ್ಲಿ ಆ ವೇಳೆಗೆ ಹೊಸ ಮ್ಯಾನೇಜರ್ ಮೇಡಂ ಬಂದಿದ್ದರು. ಉದ್ರಿ ಪುಸ್ತಕ ಅವರ ಮುಂದಿಟ್ಟೆವು. ಕಂತಿನ ದಿನಾಂಕ, ಮೊತ್ತ ಬದಲಿಸಲು ಆಗುವುದಿಲ್ಲ ಅಂದರು. ಆದರೆ ಒಂದು ಸಲಹೆ ಕೊಟ್ಟರು. ಫೆಬ್ರುವರಿಯಿಂದ ಮೇವರೆಗೆ ದುಡಿಮೆ ಜಾಸ್ತಿ ಇರುವಾಗ ಬೇರೆ ಉಳಿತಾಯ ಖಾತೆಗೆ ಹಾಕುತ್ತಾ ಹೋಗು, ಮಳೆಗಾಲದ ಕಂತು ಅದರಿಂದಲೇ ತಾನಾಗಿ ಕಡಿತವಾಗಲಿ. ಸರಳ ವಿಷಯ. ಸಾಲ ಕೊಟ್ಟ ದಿನವೇ ಯಾರಾದರೂ ಹೇಳಬಹುದಿತ್ತು. ವಸೂಲಾದ ಹಣದಲ್ಲಿ ಬಾಕಿ ಕಂತು ಕಟ್ಟಿ 90 ದಿನದ ಒಳಗೇ ಖಾತೆ ಸರಿಮಾಡಿಕೊಂಡ.

ಆಮೇಲೆ

2024ರ ಬೇಸಿಗೆ ಭೀಕರವಾಗಿತ್ತು. ಎಷ್ಟೋ ಬೋರ್ ಬತ್ತಿದವು, ಕೆಲವರು ಮೋಟರ್ ಎತ್ತಿ ಮನೆಯಲ್ಲಿ ಇಟ್ಟುಬಿಟ್ಟರು. ಆದರೂ ಅಂಗಡಿ ನಡೆಯಿತು. ಒಂದು ಫೇಸ್ ಹೋದರೆ, ನೀರು ಬತ್ತಿದರೆ ಮೋಟರನ್ನು ತಾನೇ ನಿಲ್ಲಿಸುವ ಪ್ರಿವೆಂಟರ್ ಮಾರಲು ಶುರು ಮಾಡಿದ. ಮೋಟರ್ ಸುಡದಿದ್ದರೆ ನಿನಗೇ ನಷ್ಟ ಅಲ್ವೇನಯ್ಯಾ ಅಂತ ಗೆಳೆಯರು ನಗುತ್ತಿದ್ದರು. ಕಟ್ಟಿದ ಮೋಟರಿನಲ್ಲಿ ಸಿಗುವ ಕೂಲಿ ಉದ್ರಿ, ಪ್ರಿವೆಂಟರ್ ಮಾರಿದರೆ ನಗದು. ಅವನ ಲೆಕ್ಕ ಸರಿಯಾಗೇ ಇತ್ತು.

ಅದೇ ಬ್ಯಾಚಿನ ಇನ್ನೊಬ್ಬ ಹುಡುಗ ಹೊಳಲ್ಕೆರೆ ಕಡೆ ಅಂಗಡಿ ಹಾಕಿ, ಒಂದೂವರೆ ವರ್ಷದಲ್ಲಿ ಮುಚ್ಚಿ, ಈಗ ದಾವಣಗೆರೆಯಲ್ಲಿ ಒಂದು ಪಂಪ್ ಡೀಲರ್ ಹತ್ತಿರ ಸಂಬಳಕ್ಕಿದ್ದಾನೆ. ವರದಿಯಲ್ಲಿ ಅವನನ್ನು 'ವಿಫಲ' ಅಂತ ಬರೆಯುತ್ತಾರೆ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ, ಸಾಲದ ಕಂತೂ ಕಟ್ಟುತ್ತಿದ್ದಾನೆ. ನನಗಂತೂ ಅದು ವಿಫಲ ಅನ್ನಿಸುವುದಿಲ್ಲ. ಎಲ್ಲರೂ ಮಾಲೀಕರೇ ಆಗಬೇಕು ಅನ್ನುವುದು ಯೋಜನೆ ಬರೆಯುವವರ ಆಸೆ.

ಈಗ ನಾವು ನೋಡಿಕೊಡುವ ರಿಪೋರ್ಟುಗಳಲ್ಲಿ ದುಡಿಯುವ ಬಂಡವಾಳವನ್ನು ಉದ್ರಿಯ ತಿಂಗಳುಗಳ ಮೇಲೆ ಲೆಕ್ಕ ಹಾಕುತ್ತೇವೆ. ಪಿಎಂಇಜಿಪಿ ವೆಚ್ಚದಲ್ಲಿ ಅದಕ್ಕೆ ಅವಕಾಶ ಇದ್ದೇ ಇದೆ. ಯಂತ್ರದ ಕೊಟೇಶನ್ ಕೊಡುವ ಡೀಲರುಗಳಿಗೆ ಇದು ಇಷ್ಟವಾಗುವುದಿಲ್ಲ, ಯಂತ್ರದ ಪಾಲು ಕಡಿಮೆಯಾಗುತ್ತದಲ್ಲ. ಬ್ಯಾಂಕಿನವರು "ಇಷ್ಟೊಂದು ಯಾಕೆ?" ಅಂತ ಕೇಳುತ್ತಾರೆ. ಕೆಲವರು ಒಪ್ಪುತ್ತಾರೆ, ಕೆಲವರು ಫೈಲು ವಾಪಸ್ ಕಳಿಸುತ್ತಾರೆ.

ಚೆನ್ನಾಗಿ ನಡೆದ ಘಟಕಕ್ಕೆ ಪಿಎಂಇಜಿಪಿಯಲ್ಲೇ ಎರಡನೇ ಸಾಲ ಸಿಗುತ್ತದೆ. ಅವನಿಗೆ ಮೋಟರ್ ಎತ್ತುವ ಗಾಡಿ ಬೇಕು ಅಂತ ಆಸೆ. ಬೋರಿನಿಂದ ಪೈಪು, ಮೋಟರ್ ಎತ್ತಿ ಇಳಿಸುವ ಕೆಲಸದಲ್ಲಿ ನಗದು ದುಡ್ಡು ಇದೆ, ಗಿರಾಕಿಯೂ ಬೇರೆ ಅಂಗಡಿಗೆ ಹೋಗುವುದಿಲ್ಲ. ಅವ್ವನಿಗೆ ಇಷ್ಟವಿಲ್ಲ. "ಮೊದ್ಲು ಸಂಘದ್ದು ತೀರ್ಲಿ, ಮನೆ ಸೂರು ಸೋರ್ತೈತೆ" ಅನ್ನುತ್ತಾರೆ. ನಾನೂ ಕೂತು ಲೆಕ್ಕ ಹಾಕಿದೆ. ಬೇಸಿಗೆಯ ನಾಲ್ಕು ತಿಂಗಳು ಗಾಡಿಗೆ ಬಿಡುವಿಲ್ಲ, ಉಳಿದ ಎಂಟು ತಿಂಗಳು ಅದು ಅಂಗಡಿ ಮುಂದೆ ನಿಂತಿರುತ್ತದೆ. ಕಂತು ಮಾತ್ರ ಹನ್ನೆರಡೂ ತಿಂಗಳು. ಸದ್ಯಕ್ಕೆ ಚಳ್ಳಕೆರೆಯಿಂದ ಬಾಡಿಗೆಗೆ ಗಾಡಿ ಕರೆಸುತ್ತಿದ್ದಾನೆ, ಬಾಡಿಗೆಯನ್ನು ರೈತರ ಹತ್ತಿರ ಮುಂಗಡ ತೆಗೆದುಕೊಂಡು.